ಪಕ್ಕದಲ್ಲಿ ಕೂತವಳು

ಬೆಳಿಗ್ಗೆ ಎದ್ದಾಗಿನಿಂದ ಅವಳು ಒಬ್ಬ ಹುಡುಗಿಯನ್ನು ಹುಡುಕುತ್ತಿದ್ದಳು. ಅಂಥ ಹುಡುಗಿ ಇರಲೇ ಇಲ್ಲ ಎಂಬುದೊಂದನ್ನು ಬಿಟ್ಟರೆ ಹುಡುಕಾಟಕ್ಕೆ ಬೇರೆ ಅಡ್ಡಿಯೇನೂ ಇರಲಿಲ್ಲ. ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತಿತ್ತು. ಹಗ್ಗದಿಂದ ತೆಗೆದ ಬಟ್ಟೆ ಕುರ್ಚಿಯ ಮೇಲೆ ರಾಶಿ ಬಿದ್ದಿತ್ತು. ಅವಳು ಗಂಡನ ಅಂಗಿಯ ತೋಳುಗಳನ್ನು ಹಿಂದಕ್ಕೆ ಮಡಚಿ, ಅದನ್ನೇ ಬಿಚ್ಚಿ ಮತ್ತೆ ಮಡಚುತ್ತಾ, ಇಪ್ಪತ್ತೆರಡು ವರ್ಷದ ಹಿಂದಿನ ಆರನೇ ತರಗತಿಯಲ್ಲಿ ಬೆಂಚಿನಿಂದ ಬೆಂಚಿಗೆ ಓಡಾಡುತ್ತಿದ್ದಳು. ಇಡೀ ತರಗತಿ ನೋಡಿ ನಕ್ಕಿರಬಹುದಾದ ಒಬ್ಬ ಹುಡುಗಿ ಬೇಕಿತ್ತು. ತೀರಾ ಕುಳ್ಳಗಿದ್ದವಳು ಆಗಬಹುದಿತ್ತು, ಆದರೆ ಅವಳೀಗ ಪೊಲೀಸ್ ಇಲಾಖೆಯಲ್ಲಿದ್ದಾಳೆ, ಅವಳ ವಿಷಯದಲ್ಲಿ ಸುಳ್ಳು ಹೇಳುವುದು ಕ್ಷೇಮವಲ್ಲ. ತೊದಲುತ್ತಿದ್ದವಳು ಇನ್ನೂ ಚೆನ್ನಾಗಿ ಹೊಂದುತ್ತಿದ್ದಳು, ಆದರೆ ಅವಳು ವರ್ಷಕ್ಕೊಮ್ಮೆ ತಪ್ಪದೆ ಬಂದು ಎಲ್ಲರನ್ನೂ ಮಾತಾಡಿಸಿಕೊಂಡು ಹೋಗುವವಳು. ಒಂದೇ ಪ್ರಶ್ನೆಗೆ ಗುಟ್ಟು ರಟ್ಟಾಗುತ್ತದೆ. ವಿಳಾಸ ಸಿಗದ, ಫೋನಿಲ್ಲದ, ಯಾರಿಗೂ ಗೆಳತಿಯಲ್ಲದ, ಆದರೂ ಒಂದು ಕಾಲಕ್ಕೆ ಇದ್ದಳು ಅನ್ನಿಸುವಂಥ ಹುಡುಗಿಯೊಬ್ಬಳು ಬೇಕು. ಅಂಗಿಯನ್ನು ಮೂರನೇ ಸಲ ಬಿಚ್ಚಿದಾಗ ಅವಳಿಗೆ ತನ್ನ ಮೇಲೇ ನಗು ಬಂತು. ಕಳೆದುಹೋದ ಗುಂಡಿಗೆ ಹೊಂದುವ ಇನ್ನೊಂದನ್ನು ಡಬ್ಬಿಯಲ್ಲಿ ಕೆದಕುವ ಹಾಗೆ ಮನುಷ್ಯರನ್ನು ಕೆದಕುತ್ತಿದ್ದಾಳೆ.

ಹನ್ನೊಂದು ಗಂಟೆಗೆ ಅವಳು ಕೆಲಸ ಮಾಡುವ ಶಾಲೆಗೆ ಒಬ್ಬ ನರ್ಸ್ ಬರುವವಳಿದ್ದಳು. ಶಾಲೆಯ ಹಳೆಯ ವಿದ್ಯಾರ್ಥಿನಿ, ಈಗ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲಸ. ಹೋದ ವಾರ ಅವಳಿಂದ ಪತ್ರ ಬಂದಿತ್ತು: ನಾಲ್ಕು ವರ್ಷದ ಹಿಂದೆ ನನ್ನ ಹುಟ್ಟುಹಬ್ಬಕ್ಕೆ ನೀವು ಬರೆದ ಸಾಲು ನನ್ನ ಬದುಕಿನ ದಾರಿಯನ್ನೇ ಬದಲಿಸಿತು, ಅದರ ಬಗ್ಗೆ ಮಾತಾಡಬೇಕು, ಗುರುವಾರ ಬರುತ್ತೇನೆ, ಅದರಲ್ಲಿರುವ ಆ ಹುಡುಗಿಯ ವಿಳಾಸವನ್ನೂ ಹುಡುಕಿಟ್ಟಿರಿ, ನಿಮ್ಮಲ್ಲಿ ಎಲ್ಲರ ವಿಳಾಸವೂ ಇರುತ್ತದಲ್ಲ. ಇರುತ್ತದೆ, ನಿಜ. ಅವಳ ಕೆಲಸವೇ ಅದು. ಶಾಲೆ ಸಣ್ಣದು, ಸರ್ಕಾರದ್ದೂ ಅಲ್ಲ, ಯಾವ ದೊಡ್ಡ ಸಂಸ್ಥೆಗೆ ಸೇರಿದ್ದೂ ಅಲ್ಲ. ಎರಡಂತಸ್ತಿನ ಹಳೆಯ ಮನೆಯೊಂದನ್ನೇ ಶಾಲೆ ಮಾಡಿಕೊಂಡದ್ದು. ವರ್ಷಕ್ಕೆ ಇಪ್ಪತ್ತು ಮಕ್ಕಳು ಹೊರಗೆ ಹೋಗುತ್ತಾರೆ. ಹಾಗೆ ಹೋದವರು ಮರೆಯಬಾರದೆಂದು ಹದಿನೆಂಟು ವರ್ಷದ ಹಿಂದೆ ಆಗಿನ ಹಿರಿಯರು ಒಂದು ಪದ್ಧತಿ ತಂದರು: ಪ್ರತಿಯೊಬ್ಬ ಹಳೆಯ ವಿದ್ಯಾರ್ಥಿಗೂ ಹುಟ್ಟುಹಬ್ಬದ ದಿನ ಒಂದು ಕಾರ್ಡು, ಅಚ್ಚು ಹಾಕಿದ ಶುಭಾಶಯವಲ್ಲ, ಆ ಮಗುವಿನ ಬಗ್ಗೆ ಶಾಲೆಗೆ ನೆನಪಿರುವ ಒಂದು ಸಾಲು, ಶಾಯಿಯಲ್ಲಿ, ಕೈಬರಹದಲ್ಲಿ. ಒಮ್ಮೆ ಬರೆದ ಸಾಲನ್ನು ಮತ್ತೆ ಬರೆಯುವಂತಿಲ್ಲ. ಅದಕ್ಕಾಗಿ ಆಫೀಸಿನಲ್ಲಿ ಉದ್ದನೆಯದೊಂದು ಮರದ ಡಬ್ಬಿ, ಅದರೊಳಗೆ ಒಬ್ಬೊಬ್ಬರಿಗೆ ಒಂದೊಂದು ಚೀಟಿ. ಮುಂದುಗಡೆ ವಿಳಾಸ, ಹುಟ್ಟಿದ ದಿನ. ಹಿಂದುಗಡೆ ಯಾವ ವರ್ಷ ಯಾವ ಸಾಲು ಹೋಯಿತೆಂಬ ನಕಲು. ಶಾಲೆಯಲ್ಲಿ ಎಲ್ಲರೂ ಅವಳನ್ನು ಅಂಚೆಯಮ್ಮ ಎಂದು ಕರೆಯುವುದು ಇದರಿಂದಲೇ.

ಮೊದಲ ಎರಡು ವರ್ಷ ನೆನಪುಗಳಿಗೆ ಬರವಿರಲಿಲ್ಲ. ತುಂಟರ ಬಗ್ಗೆ, ಜಾಣರ ಬಗ್ಗೆ, ಮರ ಹತ್ತಿ ಇಳಿಯಲಾರದೆ ಅತ್ತವನ ಬಗ್ಗೆ ಮೇಷ್ಟ್ರುಗಳೆಲ್ಲ ನಾ ಮುಂದು ತಾ ಮುಂದು ಎಂದು ಹೇಳಿದರು. ಆಮೇಲೆ ಶುರುವಾಯಿತು ಕಷ್ಟ. ನಡುವಿನ ಬೆಂಚಿನವರು, ನಡುವಿನ ಅಂಕದವರು, ಗುಂಪು ಫೋಟೋದಲ್ಲಿ ಇನ್ನೊಬ್ಬರ ಭುಜದ ಹಿಂದೆ ಅರ್ಧ ಮುಖವಾದವರು. ಅವರ ಬಗ್ಗೆ ಕೇಳಿದರೆ ಮೇಷ್ಟ್ರುಗಳು ಚಹಾದ ಲೋಟ ಕೆಳಗಿಟ್ಟು, ಹುಬ್ಬು ಗಂಟಿಕ್ಕಿ, ಒಳ್ಳೆಯ ಮಗು ಎನ್ನುತ್ತಿದ್ದರು. ಒಳ್ಳೆಯ ಮಗು ಎಂಬುದನ್ನು ಎಷ್ಟು ಜನಕ್ಕೆ ಬರೆಯಬಹುದು? ಹಾಗೆ ಒಂದು ದಿನ ಅವಳು ಒಂದು ಸಣ್ಣ ಸಾಲನ್ನು ತಾನೇ ಕಟ್ಟಿದಳು. ‘ಮಳೆ ಬಂದ ದಿನ ನೀನು ಕಿಟಕಿಯ ಪಕ್ಕದ ಪುಸ್ತಕಗಳನ್ನು ಯಾರೂ ಹೇಳದೆ ಎತ್ತಿಟ್ಟಿದ್ದೆ.’ ಹದಿನೈದು ದಿನಕ್ಕೆ ಉತ್ತರ ಬಂತು, ಮೂರು ಪುಟ. ಹೌದು, ನನಗೂ ಈಗ ನೆನಪಾಯಿತು, ಅದರಲ್ಲಿ ಒಂದು ಭೂಪಟವೂ ಇತ್ತು ಎಂದು ಆ ಹುಡುಗ ಬರೆದಿದ್ದ. ಅವಳು ಆ ಪತ್ರ ಹಿಡಿದುಕೊಂಡು ಹೆದರಬೇಕಿತ್ತು. ಹೆದರಲಿಲ್ಲ; ಹೊಟ್ಟೆ ತುಂಬಿದಂತಾಯಿತು. ಆಮೇಲೆ ಅದು ಕೈಕೆಲಸದ ಹಾಗೆ ಒಗ್ಗಿಹೋಯಿತು. ತನ್ನದೇ ಒಂದು ನೇಮವನ್ನೂ ಇಟ್ಟುಕೊಂಡಳು: ಯಾರಿಗೂ ದೊಡ್ಡ ಸುಳ್ಳು ಬರೆಯಬಾರದು. ಯಾರೂ ಮುಳುಗುವವರನ್ನು ಎತ್ತಿಲ್ಲ, ಬೆಂಕಿ ಆರಿಸಿಲ್ಲ. ಎಲ್ಲರೂ ಸಣ್ಣ ಸಣ್ಣ ಒಳ್ಳೆಯದನ್ನು ಮಾಡಿದ್ದಾರೆ, ಪೆನ್ಸಿಲ್ ಹಂಚಿದ್ದಾರೆ, ಬಾಗಿಲು ಹಿಡಿದು ನಿಂತಿದ್ದಾರೆ. ಆ ಚೀಟಿಗಳನ್ನು ನಂಬಿದರೆ ಈ ಶಾಲೆಯಿಂದ ಇಷ್ಟು ವರ್ಷದಲ್ಲಿ ಒಂದೇ ಒಂದು ಕೆಟ್ಟ ಮಗು ಹೊರಗೆ ಹೋಗಿಲ್ಲ. ನರ್ಸಿಗೆ ಬರೆದದ್ದೂ ಅಂಥದ್ದೇ. ‘ಆರನೇ ತರಗತಿಯಲ್ಲಿ ಎಲ್ಲರೂ ಒಬ್ಬ ಹುಡುಗಿಯನ್ನು ನೋಡಿ ನಕ್ಕಾಗ ನೀನು ನಗಲಿಲ್ಲ, ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತೆ.’

‘ಅಮ್ಮಾ, ಆಲೂಗಡ್ಡೆ ಕರಗಿ ನೀರಾಗ್ತಾ ಇದೆ,’ ಎಂದಳು ಮಗಳು. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣಿಗೆ ಗಾಜು ಹಾಕಿ ನೋಡುವ ಕೆಲಸ ಅವಳದು. ಮನೆಯಲ್ಲೂ ಎಲ್ಲರನ್ನೂ ಹಾಗೇ ನೋಡುತ್ತಿದ್ದಳು. ವಿಷಯ ಅವಳಿಗೆ ನಿನ್ನೆಯೇ ಗೊತ್ತಾಗಿತ್ತು. ಆ ಹುಡುಗಿ ತೀರಿಹೋದಳು ಅಂತ ಹೇಳಿಬಿಡು, ಅಲ್ಲಿಗೆ ಮುಗೀತು ಎಂದು ಸಲಹೆಯನ್ನೂ ಕೊಟ್ಟಿದ್ದಳು. ಇಲ್ಲದವಳನ್ನು ಹುಟ್ಟಿಸಿದ್ದೇ ತಪ್ಪು, ಈಗ ಕೊಲ್ಲುವುದು ಬೇರೆ ಕೇಡು ಎಂದು ಅವಳು ಗೊಣಗಿದ್ದಕ್ಕೆ ಮಗಳು ಬಿದ್ದು ಬಿದ್ದು ನಕ್ಕಿದ್ದಳು. ಮಗಳೂ ಅದೇ ಶಾಲೆಯಲ್ಲಿ ಓದಿದವಳು, ಅವಳಿಗೂ ವರ್ಷಕ್ಕೊಂದು ಕಾರ್ಡು ಹೋಗುತ್ತದೆ. ಮೇಜಿನ ಮೇಲೆ ಕೊಟ್ಟರಾಗುತ್ತಿತ್ತು, ಆದರೆ ಪದ್ಧತಿ ಎಂದರೆ ಪದ್ಧತಿ ಎಂದು ಅವಳು ಅಂಚೆಗೇ ಹಾಕುತ್ತಿದ್ದಳು. ಹೋದ ವರ್ಷದ ಕಾರ್ಡು ಇನ್ನೂ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಕೊಂಡಿತ್ತು. ಅದನ್ನು ತೋರಿಸಿ ಮಗಳು ಈಗ ಹೇಳಿದಳು, ‘ನೋಡು, ನಾನು ಬೆಕ್ಕಿನ ಮರಿ ಉಳಿಸಿದ್ದೆನಂತೆ. ಬೆಕ್ಕು ಕಂಡರೆ ನನಗೆ ಸೀನು ಬರುತ್ತೆ. ಹೆತ್ತ ಮಗಳ ಬಗ್ಗೆಯೂ ನಿನಗೆ ಒಂದು ನಿಜ ಸಿಗಲಿಲ್ವಾ?’ ತಮಾಷೆಗೇ ಹೇಳಿದ್ದು. ಅವಳು ಬುಟ್ಟಿಯ ಮೇಲೆ ಬಾಗಿ ಕಾಲುಚೀಲಗಳ ಜೋಡಿ ಹುಡುಕಿದಳು. ನಿಜ ಬೇಕಾದಷ್ಟಿತ್ತು. ಮಗಳು ಮೂರು ವರ್ಷದವಳಿದ್ದಾಗ ಜ್ವರ ಬಂದು ಇಡೀ ದಿನ ಅಮ್ಮನ ಕಿವಿಯನ್ನು ಹಿಡಿದುಕೊಂಡೇ ಮಲಗಿದ್ದಳು. ಅದನ್ನು ಶಾಲೆಯ ಕಾರ್ಡಿನಲ್ಲಿ ಬರೆಯುವುದು ಹೇಗೆ.

ದಾರಿಯುದ್ದಕ್ಕೂ ಅವಳು ಮಾತುಗಳನ್ನು ಜೋಡಿಸಿಕೊಂಡಳು. ಬಸ್ಸಿನ ಕಿಟಕಿಯಲ್ಲಿ ಒಗೆಯುವ ಸೋಪಿನ ಜಾಹೀರಾತು, ಬೀಗ ರಿಪೇರಿಯವನ ಗೂಡು, ಮುಚ್ಚಿದ ಚಿತ್ರಮಂದಿರ ಹಿಂದೆ ಹಿಂದೆ ಹೋದವು. ನೋಡಿ, ಇಷ್ಟು ವರ್ಷವಾಯಿತು, ಹೆಸರು ಸರಿಯಾಗಿ ನೆನಪಿಲ್ಲ. ಇದು ಚೆನ್ನಾಗಿತ್ತು. ಆದರೆ ಹೆಸರು ನೆನಪಿಲ್ಲದವಳು ನಗು ನೆನಪಿಟ್ಟುಕೊಂಡದ್ದು ಹೇಗೆ? ಆ ಹುಡುಗಿ ಮಧ್ಯದಲ್ಲೇ ಶಾಲೆ ಬಿಟ್ಟಳು, ಚೀಟಿ ಮಾಡಿರಲಿಲ್ಲ. ಇದು ಇನ್ನೂ ಚೆನ್ನಾಗಿತ್ತು. ಪಕ್ಕದ ಸೀಟಿನ ಮುದುಕಿ ತನ್ನನ್ನೇ ನೋಡುತ್ತಿದ್ದದ್ದು ಕಂಡು, ತುಟಿ ಅಲ್ಲಾಡುತ್ತಿತ್ತೆಂದು ಅವಳಿಗೆ ತಿಳಿಯಿತು. ಬಾಯಿ ಒರೆಸಿಕೊಂಡಳು, ಅಲ್ಲೇನೋ ಅಂಟಿಕೊಂಡಿದ್ದ ಹಾಗೆ. ಹೇಳಿಬಿಟ್ಟರೇನಾಗುತ್ತದೆ? ಒಬ್ಬರಿಗೆ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. ಎಂಟುನೂರು ಚೀಟಿಗಳಲ್ಲಿ ಯಾವುದು ನಿಜ ಯಾವುದು ಕಟ್ಟಿದ್ದು ಎಂದು ಅವಳಿಗೇ ಈಗ ಹೇಳಲು ಬಾರದು. ಅಪರೂಪಕ್ಕೊಬ್ಬರು ಬಂದು ನೋಡುವ ಈ ಶಾಲೆಯನ್ನು ಆ ಜನ ಇನ್ನೂ ನಮ್ಮ ಶಾಲೆ ಎನ್ನುವುದು, ತಮ್ಮ ಮಕ್ಕಳನ್ನು ಇಲ್ಲಿಗೇ ಸೇರಿಸುವುದು, ಎಲ್ಲ ಅವಳ ಆ ಒಂದೊಂದು ಸಾಲಿನ ಮೇಲೆ ನಿಂತಿದೆ ಎಂದು ಅವಳು ತಿಳಿದಿದ್ದಳು. ಬರೀ ತಿಳಿದಿರಲಿಲ್ಲ, ಹೆಮ್ಮೆಯನ್ನೂ ಪಟ್ಟಿದ್ದಳು.

ಹೆಡ್‌ಮೇಡಂ ಮೆಟ್ಟಿಲ ಮೇಲೇ ಸಿಕ್ಕಿದರು. ನಲವತ್ತನೇ ವರ್ಷದ ಸಂಚಿಕೆಗೆ ಮೊದಲ ಪುಟ ಖಾಲಿ ಬಿಟ್ಟಿದ್ದೇನೆ, ನರ್ಸಿನ ಕಥೆ ಅಲ್ಲಿಗೇ ಎಂದರು. ಪತ್ರವನ್ನು ಅವರೇ ಮೊದಲು ಒಡೆದು ಓದಿದ್ದು, ಓದಿ ಸಿಬ್ಬಂದಿಯೆದುರು ಅವಳ ಬೆನ್ನು ತಟ್ಟಿದ್ದರು. ಒಂದು ಸಾಲು ಒಬ್ಬರ ಬಾಳನ್ನೇ ಮುಟ್ಟುವುದೆಂದರೆ ಸಾಮಾನ್ಯವಾ ಅಂಚೆಯಮ್ಮ, ಫೋಟೋ ತೆಗೆಸೋಣ, ನೀವೂ ಪಕ್ಕದಲ್ಲಿ ನಿಂತ್ಕೊಳ್ಳಿ, ಆ ಬೂದು ಬಣ್ಣದ ಸ್ವೆಟರ್ ಬೇಡ. ಅವಳು ಸ್ವೆಟರಿನ ತೋಳನ್ನು ಎಳೆದುಕೊಂಡು ಆಗಲಿ ಎಂದಳು. ಸಿಬ್ಬಂದಿ ಕೋಣೆಯಲ್ಲಿ ಲೆಕ್ಕದ ಮೇಷ್ಟ್ರು ಒಬ್ಬರೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಮೇಷ್ಟ್ರುಗಳಲ್ಲಿ ಆ ಕಾಲದಿಂದ ಉಳಿದವರೆಂದರೆ ಅವರೊಬ್ಬರೇ. ಅವಳು ಏನೋ ಹುಡುಕುವ ನೆಪದಲ್ಲಿ ಕಪಾಟು ತೆರೆದು, ಆ ವರ್ಷದ ಆರನೇ ತರಗತಿಯಲ್ಲಿ ಎಲ್ಲರೂ ನೋಡಿ ನಗುತ್ತಿದ್ದ ಹುಡುಗಿ ಯಾರಾದರೂ ಇದ್ದಳೇ ಎಂದು ಕೇಳಿದಳು. ಅವರು ತಲೆ ಎತ್ತಲಿಲ್ಲ. ‘ಮಕ್ಕಳು ನಗದೇ ಬಿಟ್ಟವರು ಯಾರಿದ್ದಾರೆ? ಒಂದಲ್ಲ ಒಂದು ದಿನ ಎಲ್ಲರನ್ನೂ ನೋಡಿ ನಕ್ಕಿರ್ತಾರೆ. ಯಾರನ್ನ ಬೇಕಾದ್ರೂ ಹಾಕ್ಕೊಳ್ಳಿ,’ ಎಂದರು. ನರ್ಸಿನ ಬಗ್ಗೆ ಕೇಳಿದ್ದಕ್ಕೆ ಕೆಂಪು ಪೆನ್ನನ್ನು ಗಾಳಿಯಲ್ಲಿ ಎರಡು ಸಲ ಆಡಿಸಿ, ಒಳ್ಳೆಯ ಮಗು ಎಂದರು. ಆಮೇಲೆ ಕಣ್ಣು ಮೇಲೆತ್ತಿ, ಆ ತರಗತಿಗೆ ನೀವೇ ಭಾಷೆ ಪಾಠ ಮಾಡ್ತಿದ್ರಲ್ಲ, ನನ್ನನ್ಯಾಕೆ ಕೇಳ್ತೀರಿ ಎಂದರು.

ಮಾಡುತ್ತಿದ್ದಳು, ಮೂರೇ ತಿಂಗಳು. ಭಾಷೆಯ ಟೀಚರ್ ಹೆರಿಗೆಗೆ ಹೋದಾಗ ಬದಲಿಗೆ ಬಂದವಳು. ಆ ಮೂರು ತಿಂಗಳ ಪುಣ್ಯಕ್ಕೆ ಇಂದಿಗೂ ಟೀಚರ್ ಅನ್ನಿಸಿಕೊಳ್ಳುತ್ತಾಳೆ. ಮಕ್ಕಳು ಅವಳ ಮಾತು ಕೇಳುತ್ತಿರಲಿಲ್ಲ, ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಬರೆಯುವಾಗ ಹಿಂದೆ ಏಳುತ್ತಿದ್ದ ಗುಜುಗುಜು ಕೇಳಿ ಕತ್ತಿನ ಹಿಂದೆ ಬೆವರುತ್ತಿತ್ತು, ಸೀಮೆಸುಣ್ಣ ಮುರಿಯುತ್ತಿತ್ತು. ತಿಂಗಳು ಮೂರಾದ ಮೇಲೆ ಅವಳನ್ನು ಆಫೀಸಿಗೆ ಹಾಕಿದರು, ನಿಮ್ಮ ಅಕ್ಷರ ದುಂಡಗಿದೆ ಎಂದರು. ಪಾಠ ಬಾರದು ಎನ್ನುವುದನ್ನು ಇಷ್ಟು ಮರ್ಯಾದೆಯಿಂದ ಬೇರೆ ಯಾರು ಹೇಳಿಯಾರು. ಆ ಮೂರು ತಿಂಗಳಲ್ಲಿ ಒಂದೇ ಒಂದು ದಿನ ಪಾಠ ಚೆನ್ನಾಗಿ ನಡೆದಿತ್ತು. ಅವಳು ಏನೋ ತಮಾಷೆ ಮಾಡಿದ್ದಳು, ಏನೆಂದು ಈಗ ನೆನಪಿಲ್ಲ, ಇಡೀ ತರಗತಿ ಅವಳ ಜೊತೆ ನಕ್ಕಿತ್ತು. ಆ ಸಂಜೆ ಗಂಡನಿಗೆ ಹೇಳಿದ್ದಳು, ಇವತ್ತು ಮಕ್ಕಳಿಗೆ ನಾನು ಇಷ್ಟವಾದೆ ಅಂತ. ಬೇಸರವಾದಾಗಲೆಲ್ಲ ಆ ದಿನವನ್ನು ಹೊರಗೆ ತೆಗೆದು ನೋಡಿ ಮತ್ತೆ ಒಳಗಿಡುತ್ತಿದ್ದಳು.

ನರ್ಸ್ ಹತ್ತು ನಿಮಿಷ ಮೊದಲೇ ಬಂದಳು. ಬಾಗಿಲಲ್ಲಿ ನಿಂತ ಆ ಗಟ್ಟಿಮುಟ್ಟಾದ ಹೆಂಗಸನ್ನು, ಕೂದಲು ಬಿಗಿಯಾಗಿ ಕಟ್ಟಿ ಹೆಗಲಿಗೆ ಚೀಲ ಹಾಕಿಕೊಂಡವಳನ್ನು, ಅವಳು ಮೊದಲ ಸಲ ನೋಡುವ ಹಾಗೆ ನೋಡಿದಳು. ಹದಿನಾರು ಕಾರ್ಡುಗಳಲ್ಲಿ ನೀನು ನೀನು ಎಂದು ಬರೆದವಳಿಗೆ ಎದುರಿಗೆ ಬಾಯಿ ಬರಲಿಲ್ಲ. ಬಾ ಎಂದು, ಬನ್ನಿ ಎಂದು, ಕೊನೆಗೆ ಕುರ್ಚಿ ತೋರಿಸಿದಳು. ನರ್ಸ್ ಕೂತು, ಕೋಣೆಯನ್ನೆಲ್ಲ ಒಮ್ಮೆ ನೋಡಿ, ಎಲ್ಲ ಸಣ್ಣದಾಗಿದೆ ಟೀಚರ್ ಎಂದಳು. ಹಳಬರೆಲ್ಲ ಹೇಳುವ ಮಾತು. ಆಮೇಲೆ ಯಾವ ಪೀಠಿಕೆಯೂ ಇಲ್ಲದೆ, ರೋಗಿಯ ವಿವರ ಹೇಳುವ ದನಿಯಲ್ಲಿ, ತನ್ನ ವಿಷಯ ಶುರುಮಾಡಿದಳು. ಎರಡು ವರ್ಷದ ಹಿಂದೆ ಅವಳ ವಾರ್ಡಿನಲ್ಲಿ ಒಬ್ಬ ಕಿರಿಯ ನರ್ಸಿನಿಂದ ಔಷಧಿ ತಪ್ಪಿತು. ರೋಗಿಗೆ ಏನೂ ಆಗಲಿಲ್ಲ. ತಪ್ಪು ವೈದ್ಯರು ಬರೆದುಕೊಟ್ಟದ್ದರಲ್ಲೇ ಇತ್ತು. ಆದರೆ ವಿಚಾರಣೆ ನಡೆದದ್ದು ಹುಡುಗಿಯ ಮೇಲೆ. ಅವತ್ತಿನಿಂದ ಊಟದ ಕೋಣೆಯಲ್ಲಿ ಅವಳ ಮೇಜಿಗೆ ಯಾರೂ ಹೋಗಲಿಲ್ಲ. ಆರು ಕುರ್ಚಿಯ ಮೇಜು, ಒಬ್ಬಳೇ. ಮೂರನೆಯ ದಿನ ನರ್ಸ್ ತಟ್ಟೆ ಹಿಡಿದು ನಡುವೆ ನಿಂತಿದ್ದಳಂತೆ, ಎತ್ತ ಹೋಗುವುದೆಂದು.

‘ಆಗ ನಿಮ್ಮ ಕಾರ್ಡು ನೆನಪಾಯ್ತು,’ ಎಂದಳು. ‘ಹನ್ನೊಂದು ವರ್ಷಕ್ಕೇ ಎದ್ದು ಹೋಗಿ ಕೂತವಳು ಅಂತ ಬರೆದಿದ್ದೀರಿ. ಮೂವತ್ತೊಂದಕ್ಕೆ ಕಾಲು ನಡುಗಿದರೆ ಹೇಗೆ? ಹೋಗಿ ಕೂತೆ.’

ಅದರಿಂದ ಆದದ್ದನ್ನೂ ಅಷ್ಟೇ ಸಲೀಸಾಗಿ ಹೇಳಿದಳು. ಕಿರಿಯಳ ಪರವಾಗಿ ಸಾಕ್ಷಿ ಹೇಳಿದಳು. ಆ ಹುಡುಗಿಯ ಕೆಲಸ ಉಳಿಯಿತು. ಸಾಕ್ಷಿ ಹೇಳಿದವಳನ್ನು ವಾರ್ಡಿನಿಂದ ತೆಗೆದು ನೆಲಮಾಳಿಗೆಯ ಕಡತಗಳ ಕೋಣೆಗೆ ಹಾಕಿದರು. ಅಲ್ಲಿ ಕಿಟಕಿಯಿಲ್ಲ. ಇಡೀ ದಿನ ಹಳೆಯ ಎಕ್ಸ್‌ರೇಗಳ ಮಧ್ಯೆ. ಅಂಚೆಯಮ್ಮ ಕೇಳುತ್ತಾ ಕೇಳುತ್ತಾ ಮೇಜಿನ ಮೇಲಿನ ಗುಂಡುಸೂಜಿಗಳನ್ನು ಒಂದು ಸಾಲಿಗೆ ತಂದಳು. ಆಲೂಗಡ್ಡೆ ಬೇಯುವ ಹೊತ್ತಿನಲ್ಲಿ ಬರೆಯುವ ಸಾಲುಗಳು ಅವು. ಅಂಥದ್ದೊಂದನ್ನು ಓದಿ ಒಬ್ಬ ಹೆಂಗಸು ಕಿಟಕಿಯಿಲ್ಲದ ಕೋಣೆಗೆ ಹೋಗಿದ್ದಾಳೆ. ಬಸ್ಸಿನಲ್ಲಿ ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಈಗ ಕೈಗೆ ಸಿಗಲಿಲ್ಲ. ಆಗ ನರ್ಸ್ ಚೀಲದಿಂದ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟ ಕಾರ್ಡನ್ನು ತೆಗೆದು ಅವಳ ಮುಂದೆ ಸರಿಸಿದಳು.

‘ಇದು ನನ್ನದಲ್ಲ ಟೀಚರ್. ವಾಪಸ್ಸು ಕೊಡೋಕೆ ಬಂದೆ.’

ಅವಳಿಗೆ ಅರ್ಥವಾಗಲಿಲ್ಲ.

‘ನಾನು ಹೋಗಿ ಕೂರಲಿಲ್ಲ. ನಾನು ನಕ್ಕಿದ್ದೆ. ಹೊಟ್ಟೆ ಹಿಡ್ಕೊಂಡು ನಕ್ಕಿದ್ದು ಚೆನ್ನಾಗಿ ನೆನಪಿದೆ. ಕಾರ್ಡು ಅದಲುಬದಲಾಗಿದೆ, ಬೇರೆ ಯಾರದ್ದೋ ನನಗೆ ಬಂದಿದೆ. ಮೊದಲೇ ಹೇಳಬೇಕಿತ್ತು, ಆಸೆಗೆ ಇಟ್ಕೊಂಡುಬಿಟ್ಟೆ. ಯಾರು ಕೂತದ್ದು ಅಂತ ನೋಡಿ ಅವರಿಗೆ ಇದನ್ನ ಕಳಿಸಿ. ಅವರನ್ನೂ ಒಂದು ಸಲ ನೋಡಬೇಕು ನಾನು, ಆ ಹುಡುಗಿಯನ್ನೂ ನೋಡಬೇಕು.’

ತಪ್ಪಿಸಿಕೊಳ್ಳುವ ಬಾಗಿಲು ತಾನಾಗಿ ತೆರೆದುಕೊಂಡಿತ್ತು. ಹೌದು, ಅದಲುಬದಲಾಗಿದೆ, ಎಂಟುನೂರು ಚೀಟಿಗಳಲ್ಲಿ ಆಗುವುದೇ, ಕ್ಷಮಿಸಿ ಎಂದರೆ ಸಾಕಿತ್ತು. ಅವಳ ಮರ್ಯಾದೆಯೂ ಉಳಿಯುತ್ತಿತ್ತು, ಎಲ್ಲೋ ಒಬ್ಬಳು ಒಳ್ಳೆಯ ಹುಡುಗಿಯೂ ಉಳಿಯುತ್ತಿದ್ದಳು. ಅವಳ ಕೈ ಆಗಲೇ ಡಬ್ಬಿಯತ್ತ ಹೋಗಿ, ಬೆರಳುಗಳು ಯಾರಾದರೊಬ್ಬರ ಚೀಟಿಗಾಗಿ ನಡೆಯತೊಡಗಿದ್ದವು. ಸ್ವಲ್ಪ ಹೊತ್ತು ಸಿಗಲೆಂದು ಕೇಳಿದಳು, ಯಾವ ಹುಡುಗಿಯನ್ನು ನೋಡಿ ನಕ್ಕದ್ದು ಅಂತ ಹೇಳಿದರೆ ಹುಡುಕಲು ಸುಲಭ.

‘ಅದೇ ಟೀಚರ್, ಅಣ್ಣನ ಬೂಟು ಹಾಕ್ಕೊಂಡು ಬರ್ತಿದ್ದಳಲ್ಲ. ಕಾಲಿಗೆ ಎರಡು ಪಟ್ಟು ದೊಡ್ಡದು. ಬೋರ್ಡಿನ ಹತ್ರ ಕರೆದ್ರಿ ನೀವು, ಅವಳು ನಡೆದ್ರೆ ಟಪ್ಪು ಟಪ್ಪು ಅಂತ ಸದ್ದು. ವಾಪಸ್ಸು ಹೋಗ್ತಿದ್ದವಳನ್ನ ನಿಲ್ಲಿಸಿ, ಇನ್ನೊಂದು ಸಲ ನಡಿ, ನಮ್ಮ ಶಾಲೆಗೆ ಕುದುರೆ ಬಂದಿದೆ ಅಂದ್ರಿ. ಮೂರು ಸಲ ನಡೆಸಿದ್ರಿ. ನಾವೆಲ್ಲ ಎಷ್ಟು ನಕ್ವಿ ಅವತ್ತು.’

ದೂರುವ ದನಿಯಲ್ಲ. ಹಳೆಯ ವಿದ್ಯಾರ್ಥಿಗಳು ಹಳೆಯ ಟೀಚರಿಗೆ ಹೇಳುವ ದನಿ. ಅವಳು ಕೇಳುತ್ತಿದ್ದ ಹಾಗೆ ಕಿಟಕಿಯಾಚೆ ಯಾವುದೋ ತರಗತಿ ಒಟ್ಟಿಗೆ ಗುಣಾಕಾರ ಹೇಳುತ್ತಿತ್ತು, ಏಳೆಂಟ್ಲಿ ಐವತ್ತಾರು, ಆ ರಾಗದ ಮೇಲೆ ಒಂದು ಮಧ್ಯಾಹ್ನ ಹತ್ತಿ ಬಂತು. ಕತ್ತಿನ ಹಿಂದೆ ಬೆವರು ಆರಿದ್ದು. ಹಿಂದಿನ ಬೆಂಚಿನ ತನಕ ಎಲ್ಲ ಮುಖಗಳೂ ಮೊದಲ ಸಲ ತನ್ನತ್ತ ತಿರುಗಿದ್ದು. ಇನ್ನೊಂದು ಸಲ ಎಂದಾಗ ಇನ್ನಷ್ಟು ನಗು ಬಂದದ್ದು, ಅದಕ್ಕೇ ಮತ್ತೊಂದು ಸಲ ಎಂದದ್ದು. ಏನೋ ತಮಾಷೆ ಮಾಡಿದ್ದಳು, ಏನೆಂದು ಈಗ ನೆನಪಿಲ್ಲ. ಹುಡುಗಿಯ ಮುಖ ಮಾತ್ರ ಬರಲಿಲ್ಲ; ಕಣ್ಣಿನಷ್ಟು ಎತ್ತರದಲ್ಲಿ ಖಾಲಿ ಜಾಗವಿತ್ತು, ಕೆಳಗೆ ಬೂಟು. ಅಥವಾ ಇದನ್ನೂ ಈಗ ತಾನೇ ಕಟ್ಟಿಕೊಳ್ಳುತ್ತಿದ್ದಾಳೆಯೇ? ಹದಿನಾರು ವರ್ಷ ಇನ್ನೊಬ್ಬರಿಗೆ ನೆನಪು ಹೊಲಿದುಕೊಟ್ಟವಳು ತನ್ನದನ್ನು ಹೇಗೆ ನಂಬುವುದು? ಆದರೆ ಕಟ್ಟಿದ ನೆನಪುಗಳಲ್ಲಿ ಅವಳೆಂದೂ ಇಷ್ಟು ಖುಷಿಯಾಗಿರಲಿಲ್ಲ. ಖುಷಿ ನಿಜ. ಅದನ್ನು ಗಂಡನಿಗೆ ಹೇಳಿದ್ದೂ ನಿಜ.

ಅವಳು ಕೈಯನ್ನು ಡಬ್ಬಿಯಿಂದ ಹೊರಗೆ ತೆಗೆದಳು.

‘ಕಾರ್ಡು ಅದಲುಬದಲಾಗಿಲ್ಲ,’ ಎಂದಳು. ‘ಅದು ನಾನು ಕಟ್ಟಿದ್ದು. ನಿನ್ನ ಬಗ್ಗೆ ಬರೆಯೋಕೆ ಯಾರಿಗೂ ಏನೂ ನೆನಪಿರಲಿಲ್ಲ. ಏನೋ ಒಂದು ಒಳ್ಳೇದಿರಲಿ ಅಂತ ಬರೆದೆ.’

ನರ್ಸ್ ಕಾರ್ಡನ್ನು ನೋಡಿದಳು, ಅವಳನ್ನು ನೋಡಿದಳು. ಕೋಪ ಬರುತ್ತದೆಂದು ಅವಳು ಕಾದಳು. ಬಂದರೆ ಎಷ್ಟು ಹಗುರವಾಗುತ್ತಿತ್ತು. ಆ ಹೆಂಗಸು ಏನನ್ನೋ ಎಣಿಸುವ ಹಾಗೆ ತುಟಿ ಬಿಗಿಹಿಡಿದು ಕೂತಿದ್ದಳು. ಗುಣಾಕಾರ ಒಂಬತ್ತಕ್ಕೆ ಬಂದಿತ್ತು.

‘ಹಾಗಾದ್ರೆ,’ ಎಂದಳು ನರ್ಸ್, ‘ಅವಳ ಪಕ್ಕ ಯಾರೂ ಕೂರಲಿಲ್ವಾ?’

‘ಇಲ್ಲ.’

‘ಯಾರೋ ಒಬ್ಬರಾದ್ರೂ ಕೂತಿದ್ರು ಅಂದ್ಕೊಂಡಿದ್ದೆ. ನಾನಲ್ಲ, ಆದರೆ ಯಾರೋ.’

ಅಂಚೆಯಮ್ಮ ಎದ್ದು ಡಬ್ಬಿಯ ಹಿಂಬದಿಗೆ ಕೈ ಹಾಕಿದಳು. ಅಲ್ಲಿ ದಾರ ಕಟ್ಟಿದ ಸಣ್ಣದೊಂದು ಕಟ್ಟಿತ್ತು, ನಮಗೆ ಬರೆಯಬೇಡಿ ಎಂದವರದು. ಇಷ್ಟು ವರ್ಷದಲ್ಲಿ ಬರೀ ಒಂಬತ್ತು ಜನ ಎಂದು ಅವಳು ವರದಿಗಳಲ್ಲಿ ಹೆಮ್ಮೆಯಿಂದ ಬರೆಯುತ್ತಿದ್ದ ಒಂಬತ್ತು ಜನ. ಬೂಟಿನ ಹುಡುಗಿ, ಆ ತರಗತಿಯವಳು ಅದರಲ್ಲಿ ಒಬ್ಬಳೇ, ನಾಲ್ಕನೆಯವಳಾಗಿ ಸಿಕ್ಕಳು. ಚೀಟಿಯ ಹಿಂದೆ ಒಂದೇ ಒಂದು ಸಾಲಿನ ನಕಲಿತ್ತು, ಹದಿನಾರು ವರ್ಷದ ಹಿಂದಿನದು, ಅವಳದೇ ದುಂಡಗಿನ ಅಕ್ಷರ. ಅವಳು ಓದಿದಳು, ಆಮೇಲೆ ನರ್ಸಿನ ಕೈಗೆ ಕೊಟ್ಟಳು. ನರ್ಸ್ ಮೆಲುದನಿಯಲ್ಲಿ ಓದಿದಳು: ‘ನಿನ್ನ ಹೆಜ್ಜೆಯ ಸದ್ದು ನಮ್ಮ ತರಗತಿಗಳಲ್ಲಿ ಇನ್ನೂ ಕೇಳಿಸುತ್ತಿದೆ.’

‘ಇದನ್ನ ಕಳಿಸಿದ್ರಾ ಟೀಚರ್?’

‘ಕಳಿಸಿದೆ. ಚೆನ್ನಾಗಿ ಬಂದಿದೆ ಅಂತ ಎರಡು ಸಲ ಓದ್ಕೊಂಡಿದ್ದೆ.’

ಅದರ ಕೆಳಗೆ ಉತ್ತರವನ್ನೂ ನಕಲು ಮಾಡಿಟ್ಟಿದ್ದಳು, ನೇಮ ತಪ್ಪದವಳು. ದಯವಿಟ್ಟು ಇನ್ನು ಮುಂದೆ ನನಗೆ ಏನನ್ನೂ ಕಳಿಸಬೇಡಿ. ಆ ಪತ್ರ ಬಂದ ದಿನವೂ ಈಗ ನೆನಪಾಯಿತು. ಸಿಬ್ಬಂದಿ ಕೋಣೆಯಲ್ಲಿ ಅದನ್ನು ಎಲ್ಲರಿಗೂ ಓದಿ ಹೇಳಿ, ಎಷ್ಟು ಪ್ರೀತಿಯಿಂದ ಬರೆದರೂ ಕೆಲವರಿಗೆ ಉಪಕಾರಸ್ಮರಣೆಯೇ ಇರುವುದಿಲ್ಲ ಎಂದಿದ್ದಳು. ಕಣ್ಣಲ್ಲಿ ನೀರೂ ಬಂದಿತ್ತು. ಯಾರೋ ಒಬ್ಬರು ಚಹಾ ತಂದುಕೊಟ್ಟು ಸಮಾಧಾನ ಮಾಡಿದ್ದರು.

ಚೀಟಿಯ ಮುಂದುಗಡೆ ವಿಳಾಸವಿತ್ತು. ನರ್ಸ್ ಪೆನ್ನು ತೆಗೆದಳು, ಮುಚ್ಚಳ ಬಿಚ್ಚಿದಳು. ಅವಳು ತಡೆಯಲಿಲ್ಲ, ತಡೆಯುವ ಅಧಿಕಾರ ತನಗೆ ಉಳಿದಿದೆ ಅನ್ನಿಸಲಿಲ್ಲ. ನರ್ಸ್ ಆ ವಿಳಾಸವನ್ನು ಎಷ್ಟೋ ಹೊತ್ತು ನೋಡಿ, ಬೇಡ ಅಂದಿದ್ದಾಳಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಚೀಟಿಯನ್ನು ಮೇಜಿನ ಮೇಲೆ ಕವುಚಿ ಇಟ್ಟಳು. ನಾವು ಹೋಗಿ ಬಾಗಿಲು ತಟ್ಟಿದರೆ ನಮಗೆ ಸಮಾಧಾನ ಆಗುತ್ತೆ, ಅವಳು ಮತ್ತೆ ಬೋರ್ಡಿನ ಮುಂದೆ ನಿಲ್ಲಬೇಕಾಗುತ್ತೆ ಎಂದಳು. ಆಸ್ಪತ್ರೆಯವರ ಮಾತೇ ಹಾಗೆ, ಗಾಯದ ಮೇಲಿನ ಬಟ್ಟೆಯನ್ನು ಎಷ್ಟು ಬೇಕೋ ಅಷ್ಟೇ ಎತ್ತುತ್ತಾರೆ. ಅವಳು ಮೇಜಿನ ಮೇಲಿದ್ದ ನರ್ಸಿನ ಕಾರ್ಡನ್ನು ಎಳೆದುಕೊಳ್ಳಲು ನೋಡಿದಳು, ಹರಿದು ಹಾಕುತ್ತೇನೆ ಕೊಡು ಎಂದಳು. ನರ್ಸ್ ಅದನ್ನು ಅಂಗೈಯಿಂದ ಒತ್ತಿ ಹಿಡಿದಳು.

‘ಹರಿಯೋಕೆ ಬಿಡಲ್ಲ. ಇದನ್ನ ನಂಬಿ ನಾನು ಹೋಗಿ ಕೂತದ್ದು. ಸುಳ್ಳೋ ನಿಜವೋ, ಕೂತದ್ದಂತೂ ಕೂತೆ.’ ಚೀಲಕ್ಕೆ ಸೇರಿಸಿ ಎದ್ದಳು. ಬಾಗಿಲ ಬಳಿ ನಿಂತು, ‘ಮುಂದಿನ ಸಲ ನನಗೆ ಬರೆಯೋಕೆ ಮುಂಚೆ ಫೋನ್ ಮಾಡಿ ಟೀಚರ್. ನೀವೊಬ್ಬರೇ ಕೂತು ಯೋಚನೆ ಮಾಡಬೇಡಿ,’ ಎಂದಳು. ನಗುತ್ತಾ ಹೇಳಿದಳೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಬೆಳಕು ಹಿಂದಿನಿಂದ ಬೀಳುತ್ತಿತ್ತು.

ಅವಳು ಕೂತಳು. ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಹೆಜ್ಜೆಯ ಸದ್ದಿನ ಸಾಲಿನ ಕೆಳಗೆ, ಕಳಿಸಬೇಡಿ ಎಂಬ ಸಾಲಿನ ಕೆಳಗೆ, ಇನ್ನೂ ಹದಿನಾರು ವರ್ಷಕ್ಕೆ ಆಗುವಷ್ಟು ಜಾಗ ಖಾಲಿಯಿತ್ತು. ಪೆನ್ನಿಗೆ ಶಾಯಿ ತುಂಬಿದಳು, ಅದಕ್ಕೇ ಮೂರು ನಿಮಿಷ ಮಾಡಿದಳು. ಬರೆಯಲು ಕೂತಾಗ ಒಂದು ಚಂದದ ಸಾಲು ತಾನಾಗಿ ಬಂತು, ಅದರಲ್ಲಿ ಪಶ್ಚಾತ್ತಾಪ ಎಂಬ ಮಾತೂ ಇತ್ತು, ಕೊನೆಗೊಂದು ನಿಟ್ಟುಸಿರೂ. ಬಂದ ದಾರಿಗೆ ಅದನ್ನು ವಾಪಸ್ಸು ಕಳಿಸಿದಳು. ಇನ್ನೊಂದು ಬಂತು, ಅದು ಇನ್ನೂ ಚೆನ್ನಾಗಿತ್ತು. ಅದನ್ನೂ ಕಳಿಸಿದಳು. ಕೊನೆಗೆ ಬರೆದದ್ದು ಇಷ್ಟು: ‘ಆರನೇ ತರಗತಿ. ಇನ್ನೊಂದು ಸಲ ನಡಿ ಎಂದು ನಿನ್ನನ್ನು ಮೂರು ಸಲ ನಡೆಸಿದೆ. ಎಲ್ಲರೂ ನಕ್ಕರು. ನನಗೆ ಖುಷಿಯಾಯಿತು. ನಿನ್ನ ಪಕ್ಕದಲ್ಲಿ ಯಾರೂ ಕೂರಲಿಲ್ಲ.’ ಅಕ್ಷರ ಎಂದಿನಷ್ಟು ದುಂಡಗೆ ಬರಲಿಲ್ಲ.

ಹೆಡ್‌ಮೇಡಂ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬಂದರು. ಹೋಗೇಬಿಟ್ಟಳಾ, ಫೋಟೋ ಇಲ್ಲದೆ ಹೇಗೆ ಎಂದು ಪೇಚಾಡಿದರು. ಆಮೇಲೆ, ಕಥೆಯಾದರೂ ಬರೆದುಕೊಂಡಿರಾ ಎಂದು ಕೇಳಿದರು. ಬರೆದುಕೊಂಡೆ ಎಂದಳು ಅವಳು. ಅರ್ಧ ಗಂಟೆ ಕೊಟ್ಟಿದ್ದರೆ ಓದುವವರ ಕಣ್ಣು ಒದ್ದೆಯಾಗುವ ಹಾಗೆ ಒಂದು ಪುಟ ಕೊಡಬಹುದಿತ್ತು; ಮೊದಲ ವಾಕ್ಯ ಆಗಲೇ ತಲೆಯಲ್ಲಿ ಕಾಲು ಚಾಚಿ ಕೂತಿತ್ತು. ಅವಳು ಚೀಟಿಯನ್ನು ಕೊಟ್ಟಳು. ಹೆಡ್‌ಮೇಡಂ ಕನ್ನಡಕ ಏರಿಸಿ ಓದಿದರು, ತಿರುಗಿಸಿ ಹೆಸರು ನೋಡಿದರು, ಮತ್ತೆ ಓದಿದರು. ಆ ಪುಟಕ್ಕೆ ಹೊಸ ಗ್ರಂಥಾಲಯದ ಚಿತ್ರ ಹಾಕಿಬಿಡೋಣ ಎಂದರು ಕೊನೆಗೆ, ಯಾರಿಗೋ ಹುಷಾರಿಲ್ಲದ ಮನೆಯಲ್ಲಿ ಮಾತಾಡುವ ಹಾಗೆ. ಚೀಟಿಯನ್ನು ಹಿಂದಕ್ಕೆ ಕೊಡುವಾಗ ಕೇಳಿದರು, ‘ಇದನ್ನ ಕಳಿಸ್ತೀರಾ?’

‘ಇಲ್ಲ ಮೇಡಂ. ಬೇಡ ಅಂದಿದ್ದಾಳೆ.’

‘ಕಳಿಸದೇ ಇರೋದನ್ನ ಮತ್ತೆ ಬರೆದಿದ್ದು ಯಾಕೆ?’

ಅವಳು ಶಾಯಿ ಆರಲೆಂದು ಚೀಟಿಯನ್ನು ಎರಡು ಬೆರಳಲ್ಲಿ ಗಾಳಿಗೆ ಹಿಡಿದಿದ್ದಳು.

‘ಈ ಒಂದು ನನಗೆ ನೆನಪಿದೆ,’ ಎಂದಳು.